ಗ್ರೇಸಮ್ಮ ಬಿದ್ದ ಮೆಟ್ಟಿಲು

ಆರ್.ಟಿ. ನಗರ

ವಿಮಾ ಕಂಪನಿಯ ಅಧಿಕಾರಿಗಳಿಗೆ ನಮಸ್ಕಾರ.

ಕೀನ್ಯಾದಿಂದ ಮಗಳನ್ನು ನೋಡಲು ಬಂದ ಗ್ರೇಸಮ್ಮನವರು ನಾನು ಆ ಮಗಳಿಗೆ ಬಾಡಿಗೆಗೆ ಕೊಟ್ಟಿರುವ ಮನೆಯ ಮೆಟ್ಟಿಲಿಂದ ಬಿದ್ದು, ಅವರ ಸೊಂಟದ ಮೂಳೆ ಮುರಿದಿದೆ. ಬಿಪಿಯಿಂದ ತಲೆಸುತ್ತಿ ಬಿದ್ದಿದ್ದಾರೆ, ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗುವುದಿಲ್ಲ ಎಂದು ನೀವು ಬರೆದಿದ್ದೀರಿ.

ಅವರಿಗೆ ತಲೆ ಸುತ್ತಿರಲಿಲ್ಲ. ಮೆಟ್ಟಿಲಿನ ಅಂಚು ಒಡೆದಿತ್ತು. ರಿಪೇರಿ ಮಾಡಿಸದೆ ಬಿಟ್ಟವಳು ನಾನು. ತಲೆ ಸುತ್ತಿತೆಂದು ಗ್ರೇಸಮ್ಮನವರು ಡಾಕ್ಟರ ಹತ್ತಿರ ಯಾಕೆ ಹೇಳಿದರೆಂದು ಅವರ ಮಗಳನ್ನು ಕೇಳಿದೆ. ಇಲ್ಲೇ ಮೂರು ವರ್ಷದಿಂದ ಓದುತ್ತಿರುವ ಹುಡುಗಿ, ಕನ್ನಡದಲ್ಲೇ ಹೇಳಿದಳು: "ನಿಮ್ ಮೇಲೆ ಕೇಸಾಗುತ್ತೆ ಅಂತ ಅಮ್ಮಂಗೆ ಭಯ ಆಯ್ತು ಆಂಟಿ."

ನನಗೆ ಏನಾಗುವುದಿದ್ದರೂ ಆಗಲಿ. ಮೆಟ್ಟಿಲು ಇನ್ನೂ ಹಾಗೇ ಇದೆ. ಗುರುವಾರ ಆಪರೇಷನ್, ಅದಕ್ಕೆ ಮೊದಲು ಯಾರನ್ನಾದರೂ ಕಳುಹಿಸಿ ನೋಡಿಸಿ. ನಾನು ಬರೆದ ವಿಷಯ ಗ್ರೇಸಮ್ಮನವರಿಗೆ ದಯವಿಟ್ಟು ತಿಳಿಸಬೇಡಿ.

ಇಂತಿ,
ಕನೀಜ್, ಮನೆ ಮಾಲೀಕಳು