ನಲವತ್ತರ ಮೇಲೆ ಹೋಗದ ಗಾಡಿ

ನವಿ ಪೇಠ, ಸೋಲಾಪುರ
೨೪ ನವೆಂಬರ್ ೨೦೨೪

ಚಿರಂಜೀವಿ ಗುರುಸಿದ್ಧನಿಗೆ, ಅಣ್ಣ ನಾಗಪ್ಪನ ಆಶೀರ್ವಾದಗಳು.

ನಾನೂ ಸಾರಿಕಾಳೂ ಇಲ್ಲಿ ಆರಾಮಿದ್ದೇವೆ. ನೀನು, ಶುಭಾಂಗಿ, ಮಗಳು ಗೋಪಿಕಾ ಎಲ್ಲರೂ ಹಾಗೇ ಇರುವಿರೆಂದು ತಿಳಿಯುತ್ತೇನೆ. ಅವ್ವ ಈ ತಿಂಗಳು ನಿನ್ನಲ್ಲಿರುವುದರಿಂದ ಅವಳ ಸುದ್ದಿ ನೀನೇ ಬರೆಯಬೇಕು. ಹುಣ್ಣಿಮೆಯ ಮರುದಿನವೇ ಬರೆಯಬೇಕಿದ್ದ ಕಾಗದ ಇದು. ಮದುವೆ ಸೀಜನ್, ಅಂಗಡಿಯಲ್ಲಿ ಸೀರೆ ಗಿರಾಕಿಗಳ ಗದ್ದಲ ಎಂದು ನೆಪ ಹೇಳಬಹುದು. ಬರೆದು ಹರಿದೆ, ಮತ್ತೆ ಬರೆದು ಹರಿದೆ, ಅದೇ ನಿಜ. ಫೋನ್ ಮಾಡಿದರೆ ನಾಲ್ಕು ಮಾತಿಗೆ ನಮ್ಮಿಬ್ಬರ ದನಿ ಏರುತ್ತದೆ. ಮೆಸೇಜ್ ಕಳಿಸೋಣವೆಂದರೆ ನಿನ್ನ ಫೋನು ಸದಾ ಗೋಪಿಕಾಳ ಕೈಯಲ್ಲಿ. ನಿನ್ನ ಮನೆಯಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬನಿಗೇ, ಅದಕ್ಕೇ ಈ ದಾರಿ ಹಿಡಿದೆ. ಅವ್ವನಿಗೆ ಮಾತ್ರ ಇದನ್ನು ಓದಿ ಹೇಳಬೇಡ.

ಹುಣ್ಣಿಮೆಯ ದಿನ ಅವ್ವನನ್ನು ಬಿಡಲು ಬಂದವನು ನಿನ್ನ ಬಾಗಿಲಲ್ಲಿ ಗಾಡಿಯ ಕೀಲಿಕೈ ಕೊಟ್ಟು ಹಾಗೆಯೇ ಹೊರಟೆ. ಶುಭಾಂಗಿ ಪಾಪ, "ದಾದಾ, ಚಹಾ ತರೀ ಘ್ಯಾ" ಎಂದು, ಚಹಾ ಆದರೂ ಕುಡಿದು ಹೋಗಿರೆಂದು ಕರೆಯುತ್ತ ಮೆಟ್ಟಿಲು ಇಳಿದು ಬಂದಳು. ನಾನು ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ಅಣ್ಣನ ಸೊಕ್ಕು ನೋಡು ಎಂದುಕೊಂಡಿರುತ್ತೀ. ಸೊಕ್ಕಿನಿಂದ ಹೋಗಲಿಲ್ಲ, ಕಾರಣ ಮುಂದೆ ಬರೆದಿದ್ದೇನೆ.

ಹೋದ ತಿಂಗಳು ನಿನಗೊಂದು ಮಾತು ಹೇಳಿದ್ದೆ. ಇನ್ನೊಮ್ಮೆ ಗಾಡಿ ಕೆಡಿಸಿದರೆ ಸಂಕ್ರಾಂತಿಯಿಂದ ಗಾಡಿಯೂ ನನ್ನಲ್ಲೇ, ಅವ್ವನೂ ನನ್ನಲ್ಲೇ ಎಂದು. ನೀನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ನಿನ್ನ ಆ ಮೌನ ನನ್ನ ಗುಮಾನಿಯನ್ನು ಹೆಚ್ಚಿಸಿತು. ಆಸ್ತಿ ಪಾಲು ಮಾಡಿ ವಾಟಣಿಯಾದಾಗ ಇಲ್ಲಿಯ ಬಟ್ಟೆ ಅಂಗಡಿ ನನಗೆ ಬಂತು, ಅಕ್ಕಲಕೋಟದ ಸುಣ್ಣ-ಬಣ್ಣದ ಅಂಗಡಿ ನಿನಗೆ ಹೋಯಿತು. ಅಪ್ಪನ ಫಿಯಟ್ಟನ್ನು ಕೊಯ್ದು ಹಂಚಲಾಗದು, ತಿಂಗಳು ಅಲ್ಲಿ ತಿಂಗಳು ಇಲ್ಲಿ ಇರಲಿ ಎಂದರು ಮಲಕಾಜಪ್ಪ ಕಾಕಾ. ಆಮೇಲೆ ಏನೋ ನೆನಪಾದವರಂತೆ, "ಹಂಗಾರ ಕಸ್ತೂರಬಾಯಿನೂ ಗಾಡಿ ಜೋಡಿನ ಹೋಗ್ಲಿ, ಬರ್ಲಿ" ಎಂದು ಅವ್ವನನ್ನೂ ಅದರ ಜೊತೆ ಹಚ್ಚಿಬಿಟ್ಟರು. ಎಲ್ಲರಿಗೂ ಅನುಕೂಲವಾಯಿತು. ನಾವಿಬ್ಬರೂ ಗೋಣು ಹಾಕಿದೆವು.

ಇನ್ನು ಕಾರ್ಬ್ಯುರೇಟರಿನ ವಿಷಯ. ದೊಡ್ಡ ಪಿಸ್ಟನ್ ಹಾಕಿಸಿದ ಮೇಲೆ ಅಪ್ಪನ ಕಾಲದ ಹಳೆಯದು ಆ ಎಂಜಿನ್ನಿನ ಹಸಿವಿಗೆ ಸಾಲುತ್ತಿರಲಿಲ್ಲ. ದೊಡ್ಡದೊಂದು ಕೂಡಿಸು ಎಂದು ನೀನು, ಸಣ್ಣವು ಎರಡು ಎಂದು ನಾನು. "ಎರಡು ಬ್ಯಾಡ ಅಣ್ಣಾ. ಒಂದಕ್ಕೊಂದು ಹೊಂದಿಸೂದ್ರಾಗ ನಮ್ಮ ಆಯುಷ್ಯ ಹೋಗ್ತದ" ಎಂದಿದ್ದೆ. ನಾನು ಹಟ ಹಿಡಿದು ಎರಡನ್ನೇ ಆರಿಸಿದೆ. ಪೆಟ್ರೋಲು ಚಿಮ್ಮುವ ಜೆಟ್ ಬದಲಿಸಿ, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ, ಕಪ್ಪಾಗಿದ್ದರೆ ಪೆಟ್ರೋಲು ಕಡಿಮೆ ಮಾಡಿ, ಬೆಳ್ಳಗಿದ್ದರೆ ಹೆಚ್ಚಿಸಿ, ಎಷ್ಟು ಭಾನುವಾರ ಅದರಲ್ಲೇ ಕಳೆದೆನೋ. ಮೆಕ್ಯಾನಿಕ್ ಕಾಮಣ್ಣ ಪೆಡಲಿನ ಮೇಲೆ ಕಾಲಿಟ್ಟು ಕೂರುತ್ತಿದ್ದ. ನಾನು ರಬ್ಬರ್ ನಳಿಗೆಯ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು, ಇನ್ನೊಂದನ್ನು ಕಿವಿಗಿಟ್ಟು, ಎರಡೂ ಒಂದೇ ಸಮನೆ ಉಸಿರೆಳೆಯುವವರೆಗೆ ಬಿಡುತ್ತಿರಲಿಲ್ಲ. ಹೊಂದಿತು ನೋಡು! ಹೋಟಗಿ ರಸ್ತೆಯಲ್ಲಿ ಎಂಬತ್ತರ ಮೇಲೆ ಹೋದರೂ ಸ್ಟೇರಿಂಗ್ ನಡುಗುತ್ತಿರಲಿಲ್ಲ.

ಆದರೆ ಅಕ್ಕಲಕೋಟದ ದಾರಿಯಲ್ಲಿ ಮಾತ್ರ, ಅದೂ ಅವ್ವ ಮನೆ ಬದಲಿಸುವ ದಿನ ಮಾತ್ರ, ಗಾಡಿಗೆ ರೋಗ. ನೀನು ತಂದಾಗಲೂ ನಲವತ್ತು, ನಾನು ಒಯ್ದಾಗಲೂ ನಲವತ್ತು. "ನಿನ್ನ ಜೋಡಿ ಕಾರ್ಬ್ಯುರೇಟರ್ ಭಾಳ ಛಲೋ ಅವ ಬಿಡಣ್ಣಾ" ಎಂದು ನೀನು ಇಳಿದವನೇ ನಕ್ಕೆಯಲ್ಲ, ಅವತ್ತೇ ಬಾನೆಟ್ ಎತ್ತಿ ನೋಡಿದೆ. ಎರಡನ್ನೂ ಜೋಡಿಸುವ ಸರಳಿನ ಸ್ಕ್ರೂ ಸಡಿಲಾಗಿತ್ತು. ಹಾಗಾದರೆ ಹಿಂಬದಿಯ ಕಾರ್ಬ್ಯುರೇಟರ್ ಬಾಯಿ ಮುಚ್ಚಿಕೊಂಡೇ ಇರುತ್ತದೆ, ಎಂಜಿನ್ ಕುಂಟುತ್ತದೆ. ತಾನಾಗಿ ಸಡಿಲಾಗುವ ಸ್ಕ್ರೂ ಅಲ್ಲ ಅದು. ಅದರ ತಲೆಯ ಸೀಳಿನಲ್ಲಿ ಬೆಳ್ಳಗೆ ಒಣಗಿದ ಸುಣ್ಣ!

ಸುಣ್ಣದ ಅಂಗಡಿ ಯಾರದು? ಒಂದೇ ಸಾಕು ಎಂದು ವಾದ ಮಾಡಿದವನು ಯಾರು? ಅಣ್ಣ ಆರಿಸಿದ್ದು ತಪ್ಪು ಎಂದು ತೋರಿಸಲು ನೀನು ಇಷ್ಟು ಕೆಳಗಿಳಿದೆಯಲ್ಲ ಎಂದುಕೊಂಡೆ. ಆದರೆ ನನ್ನದೇ ಅಂಗಳದಿಂದ ಹೊರಟಾಗಲೂ ಹೀಗೇ ಆಗಿತ್ತಲ್ಲ, ಅದು ಹೇಗೆ? ಸಂಶಯ ಕಾಮಣ್ಣನ ಮೇಲೆ ಹೋಯಿತು. ಅವನು ಗುರುವಾರಕ್ಕೊಮ್ಮೆ ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟಕ್ಕೆ ಬರುತ್ತಾನೆ, ನಿನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಾನೆ. ಕೇಳಿಯೇಬಿಟ್ಟೆ. "ಶೇಠ್ರ, ಸಣ್ಣವರು ಚಹಾ ಕುಡಿಸ್ಯಾರ ಖರೆ. ಚಹಾಕ್ಕ ಯಾರರ ಇಮಾನ ಮಾರ್ಕೋತಾರೇನ್ರಿ?" ಎಂದವನು ತನ್ನ ಪಾನಾ-ಇಕ್ಕಳಗಳ ಡಬ್ಬಿ ಎತ್ತಿಕೊಂಡು ಹೋದ. ಇನ್ನೂ ಬಂದಿಲ್ಲ. ಅವನ ಸಿಟ್ಟು ಅಷ್ಟು ಜೋರಾಗಿದ್ದುದೂ ನನಗೆ ಅನುಮಾನಕ್ಕೇ ಕಾರಣವಾಯಿತು. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ಈ ಸಲ ಹೊರಡುವ ದಿನ ಬೆಳಿಗ್ಗೆ ನಾನೇ ಸ್ಕ್ರೂ ಬಿಗಿ ಮಾಡಿದೆ. ಸಾರಿಕಾಳ ನೇಲ್‌ಪಾಲಿಶ್ ತಂದು ಅದರ ಮೇಲೊಂದು ಕೆಂಪು ಗೆರೆ ಎಳೆದೆ, ತಿರುಗಿಸಿದರೆ ಗೊತ್ತಾಗಲಿ ಎಂದು. ಗೇಟಿಗೆ ಕೀಲಿ ಹಾಕಿದೆ. ಸಾರಿಕಾ ನಕ್ಕಳು, "ಬ್ಯಾಂಕಿಗೂ ಇಷ್ಟ ಬಂದೋಬಸ್ತ್ ಇರೂದಿಲ್ರಿ" ಎಂದಳು. ಅವಳ ಮೇಲೂ ಒಂದು ಕಣ್ಣಿಟ್ಟೆ.

ಅವ್ವ ಸ್ನಾನ ಪೂಜೆ ಮುಗಿಸಿ, ಚೀಲ ಹಿಡಿದು ಅಂಗಳಕ್ಕೆ ಬಂದಳು. "ನಾಗ್ಯಾ, ಗಾಲಿ ಬುಡಕ ಇಡಾಕ ನಿಂಬಿಹಣ್ಣ ಇಲ್ಲೋ. ಓಡಿ ಹೋಗಿ ತಗೊಂಡ ಬಾ" ಎಂದಳು. ಪ್ರತಿ ಸಲ ಹೊರಡುವಾಗ ಅವಳಿಗೆ ನಿಂಬೆಹಣ್ಣು ನೆನಪಾಗುವುದು ಕೊನೆಗೇ. ನಿನ್ನನ್ನೂ ಹೀಗೆಯೇ ಕಳಿಸುತ್ತಾಳಲ್ಲವೇ? ನಾನು ಗೇಟು ದಾಟಿದವನು ಹತ್ತು ಹೆಜ್ಜೆ ಹೋಗಿ, ಏನೋ ಅನ್ನಿಸಿ, ಕಂಪೌಂಡಿನ ಮೇಲಿಂದ ಹಣಕಿದೆ. ಬಾನೆಟ್ ತೆರೆದಿತ್ತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದ್ದಳು. ಕೈಯಲ್ಲಿ ಅವಳ ಎಲೆ-ಅಡಿಕೆ ಸಂಚಿಯ ಸುಣ್ಣದ ಡಬ್ಬಿ. ಅದರ ಚಪ್ಪಟೆ ಹಿತ್ತಾಳೆ ಕಡ್ಡಿಯಿಂದ ಸ್ಕ್ರೂ ತಿರುಗಿಸುತ್ತಿದ್ದಳು, ಒಂದಿಷ್ಟೂ ಗಾಬರಿಯಿಲ್ಲದೆ.

ನಾನು ನಿಂಬೆಹಣ್ಣು ತಂದೆ. ಗಾಲಿಯ ಕೆಳಗಿಟ್ಟೆ. ಏನೂ ಕಾಣದವನಂತೆ ಗಾಡಿ ಹೊರಡಿಸಿದೆ. ಆಗಲೂ ನನ್ನ ತಲೆಯಲ್ಲಿದ್ದವನು ನೀನೇ, ಗುರು. ಮುದುಕಿಗೆ ಹೇಳಿಕೊಟ್ಟು ಮಾಡಿಸುತ್ತಿದ್ದಾನೆ ಎಂದುಕೊಂಡೆ. ಬಾಯಿ ಬಿಡಿಸೋಣವೆಂದು, "ಗಾಡಿ ಬಗ್ಗೆ ಗುರು ಏನರ ಹೇಳ್ಯಾನೇನ ಅವ್ವಾ?" ಎಂದು ಕೇಳಿದೆ.

"ಅವಾ ಏನ ಹೇಳ್ತಾನ? ಕೀಲಿ ಕೊಟ್ರ ಹೊಡಿತಾನ, ನಿನ್ನಂಗ" ಎಂದಳು.

ಗಾಡಿ ನಲವತ್ತರಲ್ಲಿ ಕುಂಟುತ್ತಿತ್ತು. ಹಿಂದಿನವರು ಹಾರ್ನ್ ಹಾಕಿ ಬೈದು ಮುಂದೆ ಹೋಗುತ್ತಿದ್ದರು. ಅವ್ವ ಕಿಟಕಿಗೆ ಮೊಣಕೈ ಊರಿ ಕೂತಿದ್ದಳು. ಕುಂಭಾರಿ ದಾಟುವಾಗ ಯಾರದೋ ಹೊಲದ ಜೋಳ ನೋಡಿ ಬೆಳಿ ಛಲೋ ಎದ್ದಿಲ್ಲ ಎಂದಳು. ತನ್ನ ಮದುವೆಯಲ್ಲಿ ಬೀಗರು ಜಿಲೇಬಿಗಾಗಿ ಜಗಳ ತೆಗೆದದ್ದನ್ನು ಹೇಳಿ ತಾನೇ ನಕ್ಕಳು. ವಳಸಂಗದಲ್ಲಿ ಚಹಾಕ್ಕೆ ನಿಲ್ಲಿಸು ಎಂದಳು. ನನ್ನ ಮನೆಯಲ್ಲಿ ಎರಡನೆಯ ರೊಟ್ಟಿಗೆ ಬೇಡ ಬೇಡ ಎನ್ನುವವಳು ಅಲ್ಲಿ ಹೋಟೆಲಿನವನಿಗೆ, "ಸಕ್ರಿ ಹಾಕೀಯೋ, ಬರೇ ತೋರ್ಸಿಯೋ?" ಎಂದು ಗದರಿ ಇನ್ನೊಂದು ಕಪ್ಪು ತರಿಸಿಕೊಂಡಳು. ಅವಳನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ.

ನನಗೆ ತಡೆಯಲಾಗಲಿಲ್ಲ. "ಅವ್ವಾ, ನಾ ನೋಡೀನಿ. ಸ್ಕ್ರೂ ಯಾಕ ಸಡ್ಲ ಮಾಡ್ತಿ? ಯಾರ ಕಲಿಸ್ಯಾರ?"

"ನೋಡಿದ್ರ ನೋಡಿದಿ. ನಿಮ್ಮಪ್ಪ ಕಾರ್ಬೋರೇಟರ್ ತಿರುವಾಗ ಪೆಡಲ್ ಮ್ಯಾಲ ಕಾಲಿಟ್ಟ ಕುಂದರಾಕಿ ಯಾರು? ನಾನಽ. ಅಷ್ಟೂ ತಿಳಿಯೂದಿಲ್ಲೇನ ನನಗ?" ಎಂದಳು. ಕಪ್ಪಿನ ಕೆಳಗಿನ ಬಸಿಗೆ ಚಹಾ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದಳು. "ಮೊದಲ ಈ ದಾರಿ ಎಷ್ಟೊತ್ತ ಹಿಡಿತಿತ್ತು. ನೀ ಎರಡೆರಡ ಕುಂದರ್ಸಿದಿ, ಕಣ್ಣ ಮುಚ್ಚಿ ತಗಿಯೂದ್ರಾಗ ಊರ ಬರ್ತದ."

ಇದು ನಡೆದದ್ದು. ಸಂಕ್ರಾಂತಿಯ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ನಿನ್ನ ಮೇಲೆ ಹಾಕಿದ ಸುಣ್ಣದ ಆರೋಪವನ್ನೂ. ಗುರುವಾರ ಕಾಮಣ್ಣ ಬಂದರೆ ಅಣ್ಣ ಕರೆದಿದ್ದಾನೆ ಎಂದು ಹೇಳು, ನಾನೂ ಅವನ ಮನೆಗೆ ಹೋಗಿ ಬರುತ್ತೇನೆ. ಅವ್ವ ಸಡಿಲು ಮಾಡಿದ ಸ್ಕ್ರೂ ಮಾತ್ರ ನೀನು ಬಿಗಿ ಮಾಡಬೇಡ. ಆದರೂ ಒಂದು ಅನುಮಾನ ಹೋಗುತ್ತಿಲ್ಲ: ನಿನಗಿದು ಮೊದಲೇ ಗೊತ್ತಿತ್ತೇನೋ? ಗೊತ್ತಿದ್ದೇ ನನ್ನ ಬೈಗುಳ ತಿನ್ನುತ್ತ ಸುಮ್ಮನಿದ್ದೆಯೇನೋ? ನಿಜ ಬರೆ. ಶುಭಾಂಗಿಗೆ ಚಹಾ ಬಾಕಿ ಇದೆ ಎಂದು ಹೇಳು. ಗೋಪಿಕಾ ಚೆನ್ನಾಗಿ ಓದಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ನಾಗಪ್ಪ

ತಾ.ಕ.: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ. ನಿಮ್ಮ ಊರಿನ ಕಮಾನು ಕಂಡ ಕೂಡಲೇ ಅವ್ವ ಮಾತು ನಿಲ್ಲಿಸಿ, ಸೆರಗು ಸರಿಮಾಡಿ, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ನನ್ನ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ, ಯಾರ ಮನೆ ನಿನಗೆ ಛಲೋ ಅನ್ನಿಸುತ್ತದೆ, ನನ್ನದೋ ಗುರುನದೋ ಎಂದು ಕೇಳಿದೆ. ಅವಳು ಸೀಟಿನ ಮೇಲೆ ಕೈಯಾಡಿಸಿದಳು. "ಇದಽ ಛಲೋ ಅದ. ಅಲ್ಲಿ ಹೋದ ದಿನಾನ ಕೇಳ್ತಾರ, ಇಲ್ಲಿ ಬಂದ ದಿನಾನ ಕೇಳ್ತಾರ, ಮತ್ತ ಯಾವಾಗ ಹೋಗ್ತಿ ಅಂತ. ಇದರಾಗ ಕುಂತಾಗ ಯಾರೂ ಕೇಳೂದಿಲ್ಲ" ಎಂದಳು. ಯಾವಾಗ ಹೋಗ್ತಿ ಎಂದು ಕೇಳಿದವನು ನಾನೇ, ಗುರು. ಹೋದ ತಿಂಗಳು ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದ್ದೆ. ನೀನೂ ಕೇಳಿದ್ದೀ ಎಂಬ ಗುಮಾನಿ ನನಗೆ.