ದ್ವೀಪದಲ್ಲಿ ಬಾಯಿತಪ್ಪಿ

ಅಕ್ಟೋಬರ್ 9, ಗುರುವಾರ

ಲ್ಯಾಬಿನಲ್ಲಿ ಇವತ್ತು ಎರಡು ಹಲ್ಲುಸೆಟ್. ಒಂದು ವಾಪಸ್ ಬಂದದ್ದು — ಯಾರೋ ಅಜ್ಜಿಗೆ ಕಚ್ಚುತ್ತಂತೆ. ಹಲ್ಲು ಕಚ್ಚದೆ ಮುದ್ದು ಮಾಡುತ್ತಾ? ಉಜ್ಜಿ ಉಜ್ಜಿ ಕೈ ಬಿದ್ದುಹೋಯಿತು. ಮೂಗಿನೊಳಗೆಲ್ಲ ಪ್ಲಾಸ್ಟರ್ ಪುಡಿ.

ಮನೆಗೆ ಬಂದರೆ ಅತ್ತಿಗೆ ಬಲು ಖುಷಿಯಲ್ಲಿ. ಭಾನುವಾರ ದ್ವೀಪಕ್ಕೆ ಹೋಗೋಣ ಅಂದ್ಲು. ಬಯಲಲ್ಲಿ ಶಿಲ್ಪ ನಿಲ್ಲಿಸಿದ್ದಾರಂತೆ, ಚಳಿಗಾಲದ ಮಂಜು ಶುರುವಾದರೆ ಲಾಂಚ್ ಬಿಡಲ್ಲವಂತೆ. ಅಣ್ಣ ಇದ್ದಾಗಿಂದ ಹೋಗೋಣ ಹೋಗೋಣ ಅಂತಲೇ ಆಯಿತು. ಅಣ್ಣ ಹೋಗಿ ನಾಲ್ಕು ವರ್ಷ. ಆವತ್ತಿಂದ ಈ ಮನೇಲಿ ನಾವಿಬ್ಬರೇ... ಜಗಳ ಬಿಡಿಸೋಕೂ ಮೂರನೆಯವರಿಲ್ಲ. ಮೊದಲೆಲ್ಲ ನೀವು ಅಂತಿದ್ದೆ. ಯಾವಾಗ ನೀನು ಆದಳೋ ನೆನಪಿಲ್ಲ.

ಅಕ್ಟೋಬರ್ 11, ಶನಿವಾರ

ನಾಳೆ ಇನ್ನೊಬ್ಬರು ಬರ್ತಾರೆ ಅಂದ್ಲು. ಯಾರು ಅಂದೆ. ಲಿಫ್ಟ್ ರಿಪೇರಿಯವರಂತೆ. ಅವಳ ಮೆಡಿಕಲ್ ಶಾಪ್ ಇರೋ ಬಿಲ್ಡಿಂಗಿನ ಲಿಫ್ಟ್ ನೋಡ್ಕೊಳ್ತಾರಂತೆ. ಅಷ್ಟು ಹೇಳಿ, ಮಡಚಿಟ್ಟ ಬಟ್ಟೆನೇ ಮತ್ತೆ ಬಿಚ್ಚಿ ಮಡಚೋಕೆ ಕೂತ್ಲು.

ಲಿಫ್ಟ್ ಕೆಟ್ಟಿತ್ತು, ತಡವಾಯಿತು — ಎಷ್ಟು ಸಲ ಹೇಳಿಲ್ಲ ಇವಳು. ಅಂಗಡಿ ಇರೋದು ನೆಲಮಹಡಿಯಲ್ಲಿ. ನನಗೆ ಹೊಳೆದದ್ದು ಈಗ. ನನ್ನಂಥ ಪೆದ್ದಿ ಎಲ್ಲಾದರೂ ಉಂಟಾ.

ಅಕ್ಟೋಬರ್ 12, ಭಾನುವಾರ, ಸಂಜೆ

ಬಂದ್ವಿ. ಕಾಲು ನೋವು. ಬರೆದು ಮುಗಿಸಿಬಿಡ್ತೀನಿ.

ಜೆಟ್ಟಿಯಲ್ಲೇ ನಿಂತಿದ್ರು ಅವರು, ಮೂರು ಟಿಕೆಟ್ ಹಿಡ್ಕೊಂಡು. ಅರ್ಧ ನರೆತ ತಲೆ, ದೊಡ್ಡ ಕೈ. ಲಾಂಚಿನಲ್ಲಿ ಗಾಳಿ ರಪರಪ ಹೊಡೀತಿತ್ತು. ಒಳಗಿನ ಸೀಟು ನನಗೇ ಬಿಟ್ಟುಕೊಟ್ರು. ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು.

ದ್ವೀಪದ ತುಂಬ ಒಣಹುಲ್ಲು, ಅರ್ಧ ಎಲೆ ಉದುರಿದ ಮರ. ಹುಲ್ಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ಶಿಲ್ಪ. ತುಕ್ಕು ಹಿಡಿದ ಬಾಗಿಲು ಚೌಕಟ್ಟಿನ ಸಾಲು, ನೀರಿನ ಕಡೆ ಮುಖ ಮಾಡಿ. ಆಮೇಲೆ ಆಳೆತ್ತರದ ಬಿಳಿ ಕಲ್ಲು — ಥೇಟ್ ದವಡೆಹಲ್ಲು. "ಬೇರು ಸರಿಯಿಲ್ಲ, ವಾಪಸ್ ಬರುತ್ತೆ ನೋಡು" ಅಂದೆ. ಅತ್ತಿಗೆ ನಕ್ಕು ನಕ್ಕು ನನ್ನ ತೋಳು ಹಿಡ್ಕೊಂಡ್ಲು. ಪಕ್ಕದ ಬೋರ್ಡಿನಲ್ಲಿ "ಶೀರ್ಷಿಕೆ ಇಲ್ಲ" ಅಂತಿತ್ತು. ಇಷ್ಟು ದೊಡ್ಡ ಕಲ್ಲು ನೀರು ದಾಟಿಸಿದ ಪುಣ್ಯಾತ್ಮನಿಗೆ ಒಂದು ಹೆಸರಿಡೋಕೆ ಬರಲಿಲ್ವಾ? ಅವರೂ ನಕ್ಕರು. ಆ ಹೊತ್ತು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಟೀ ತರೋಕೆ ಹೋದಾಗ ಅತ್ತಿಗೆ ಬಾಯಿಬಿಟ್ಲು. ಮುಂದಿನ ತಿಂಗಳು ರಿಜಿಸ್ಟರ್ ಮದುವೆ.

"ನಿನ್ನನ್ನ ಬಿಟ್ಟು ಹೋಗ್ತಿಲ್ಲ ಕಣೇ. ಮನೆ ಬದಲಾಗುತ್ತೆ, ಅಷ್ಟೆ."

"ಸರಿ. ನಿನ್ನನ್ನ ಏನಂತ ಕರೀಲಿ?"

"ಏನಂತ ಅಂದ್ರೆ? ಅತ್ತಿಗೆ ಅಂತಲೇ."

"ಅತ್ತಿಗೆ ಅಂದ್ರೆ ಅಣ್ಣನ ಹೆಂಡತಿ."

ಹುಲ್ಲು ಕಿತ್ತು ಕಿತ್ತು ಹಾಕಿದ್ಲು. ಆಮೇಲೆ — "ಹಾಗಾದ್ರೆ ಅವರನ್ನ ಅಣ್ಣ ಅನ್ನು. ಬಸ್ ಕಂಡಕ್ಟರನ್ನೂ ಅಣ್ಣ ಅಂತೀಯಲ್ಲ."

ನಿಜ. ಕಂಡಕ್ಟರ್ ಅಣ್ಣ, ಪೇಪರ್ ಹಾಕೋ ಅಣ್ಣ, ಲ್ಯಾಬ್ ವಾಚ್‌ಮನ್ ಅಣ್ಣ. ದಾರೀಲಿ ಹೋಗೋರೆಲ್ಲ ನನಗೆ ಅಣ್ಣಂದಿರೇ. ಇವರೊಬ್ಬರನ್ನ ಬಿಟ್ಟು. ಇವರನ್ನ ಹಾಗಂದರೆ ನನ್ನಣ್ಣ ಇನ್ನೊಂದು ಸಲ ಸತ್ತ ಹಾಗೆ. ಅನ್ನದಿದ್ದರೆ ಅತ್ತಿಗೆ ನನ್ನವಳಲ್ಲ. ಅತ್ತ ದರಿ, ಇತ್ತ ಪುಲಿ. ಟೀ ಬಂತು, ಕುಡಿದೆ.

ವಾಪಸ್ ಲಾಂಚ್ ಹತ್ತೋವಾಗ ಹಲಗೆ ಪಾಚಿ ಕಟ್ಟಿತ್ತು. ಅವರ ಕಾಲು ಜಾರಿತು. ನನ್ನ ಬಾಯಿಂದ ಬಂದೇಬಿಟ್ಟಿತು — "ಅಣ್ಣಾ, ಜೋಪಾನ." ಹಗ್ಗ ಹಿಡ್ಕೊಂಡು ನಿಂತ್ರು. ತಿರುಗಿ ನೋಡಿ, "ಏನೂ ಆಗಿಲ್ಲಮ್ಮಾ" ಅಂದ್ರು. ಅತ್ತಿಗೆ ಮುಖ ಅರಳಿತು. ಕಣ್ಣೊರೆಸಿಕೊಂಡ್ಲು. ಎಲ್ಲ ಬಗೆಹರೀತು ಅಂದುಕೊಂಡ್ಲು, ಪಾಪ.

ನಾನು ಅವರನ್ನ ಕರೆದದ್ದಲ್ಲ. ಯಾರು ಜಾರಿದ್ದರೂ ಹಾಗೇ ಕೂಗ್ತಿದ್ದೆ. ಇಳಿಯೋವಾಗ ಹೇಳಿಯೇಬಿಟ್ಟೆ — "ಆಗ ಬಾಯಿತಪ್ಪಿ ಬಂತು. ತಪ್ಪು ತಿಳ್ಕೋಬೇಡಿ." ಅವರು ತಲೆಯಾಡಿಸಿದ್ರು, ಮೆಲ್ಲಗೆ. ಅತ್ತಿಗೆ ಮನೆ ತನಕ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ್ಲು.

ಅಕ್ಟೋಬರ್ 15

ಇಲ್ಲಿ ನೋಡು... ಕೇಳಿಸ್ತಾ... ಗ್ಯಾಸ್ ಆಫ್ ಮಾಡಿದ್ಯಾ... ಮೂರು ದಿನದಿಂದ ಹೀಗೇ ಮಾತು ಶುರು ಮಾಡ್ತಿದೀನಿ. ಅವಳು ಗಮನಿಸದೆ ಇರ್ತಾಳಾ. "ಹೆಸರು ಹಿಡಿದೇ ಕರಿ ಬಿಡು" ಅಂದ್ಲು ಇವತ್ತು. ಸಿಟ್ಟಿನಿಂದ ಅಂದಿದ್ದರೆ ತಡ್ಕೊಳ್ತಿದ್ದೆ. ಸಮಾಧಾನದಿಂದ ಅಂದ್ಲು.

ನವೆಂಬರ್ 16, ಭಾನುವಾರ

ಮದುವೆ ನಿನ್ನೆ ಆಯಿತು. ಹೋಗಲಿಲ್ಲ. ರಜ ಕೊಡಲ್ಲ ಅಂದ್ರು ಅಂತ ಹೇಳಿದ್ದೆ. ಶನಿವಾರ ಲ್ಯಾಬ್ ಮುಚ್ಚಿರುತ್ತೆ ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ "ಪರವಾಗಿಲ್ಲ" ಅಂದಳು.

ಅವಳ ಕೋಣೆ ಖಾಲಿ. ಅಣ್ಣನ ಫೋಟೋ ಒಯ್ಯಲಾ ಅಂತ ಕೇಳಿದ್ದಳು. ನಿನಗ್ಯಾಕೆ, ಇಲ್ಲಿರಲಿ ಅಂದೆ. ಯಾಕಾದರೂ ಅಂದೆನೋ. ಅವಳ ಗಂಡನಲ್ವಾ ಅವನು. ಅಳ್ತಾ ಕೂತೆ. ತಲೆನೋವು ಬಂತು, ಮಲಗಿದೆ.

ನವೆಂಬರ್ 27, ಗುರುವಾರ

ಅವಳು ಎಷ್ಟೋ ಸಲ ಫೋನ್ ಮಾಡಿದ್ಲು, ನಾನು ಎತ್ತಲಿಲ್ಲ. ಈ ವಾರ ಮಾಡಲೇ ಇಲ್ಲ. ಇವತ್ತು ತಡೆಯೋಕಾಗಲಿಲ್ಲ. ಸಂಜೆ, ಎಲ್ಲರೂ ಹೊರಟ ಮೇಲೆ, ಲ್ಯಾಬಿನ ಫೋನಿಂದಲೇ ಮಾಡಿದೆ. ನನ್ನ ನಂಬರ್ ನೋಡಿ ಅವಳೂ ಎತ್ತದಿದ್ದರೆ ಅಂತ ಭಯ.

ಅವಳ ಫೋನ್ ಅವರು ಎತ್ತಿದ್ರು.

"ಅವಳು ಸ್ನಾನಕ್ಕೆ ಹೋಗಿದ್ದಾಳೆ. ಯಾರು ಮಾಡಿದ್ರು ಅಂತ ಹೇಳಲಿ?"

ದನಿ ಗುರುತು ಸಿಗಲಿಲ್ಲ ಅವರಿಗೆ. ಇಡಲಿಲ್ಲ, ಕಾದ್ರು. ಅವಳ ನಾದಿನಿ ಅಂದರೆ ಅವರ ತಂಗಿಯಾದೆ. ಫ್ರೆಂಡ್ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಹಿಂದೆ ಬಚ್ಚಲಿಂದ ಅವಳ ದನಿ ಕೇಳಿಸ್ತು — ಯಾರ್ರೀ ಅದು?

"ಹೇಳಮ್ಮಾ, ಯಾರು?"

"ನಾನು" ಅಂದೆ. "ನಾನು ಅವಳ —"