ನಡುಗೋಡೆ

ದೇವನಹಳ್ಳಿ ಕೋಟೆ, ೧೯೪೬

ವಾಸುದೇವಯ್ಯನವರೆ,

ನೀವು ತೀರಿಕೊಂಡ ಮೇಲೆ ಈ ಕಾಗದವನ್ನು ಯಾವ ಅಂಚೆಗೆ ಹಾಕಲಿ? ಆದರೂ ಹೇಳಬೇಕೆನಿಸಿತು. ನನಗೂ ಪಕ್ಕದ ಮನೆಯ ಲಕ್ಕಮ್ಮನಿಗೂ ನಡುವಿದ್ದ ಮಣ್ಣುಗೋಡೆ ಮೊನ್ನೆಯ ಮಳೆಗೆ ಕುಸಿಯಿತು.

"ಈ ಸಲ ಕಲ್ಲಲ್ಲಿ ದಪ್ಪಕ್ಕೆ ಕಟ್ಬಿಡ್ಲಾ ಅಮ್ಮಾವ್ರೆ? ಮಾತು ಆಚೆಗೆ ಹೋಗಲ್ಲ" ಎಂದ ಗಾರೆಯ ಕೊಂಡಪ್ಪ.

ಆಚೆ ರಾಗಿ ಬೀಸುತ್ತಿದ್ದ ಲಕ್ಕಮ್ಮ, "ಬ್ಯಾಡ ಕಣಮ್ಮಾ! ನೀನು ಓದೋ ಪದ್ಯ ಕೇಳ್ದಿದ್ರೆ ನನ್ನ ಬೀಸೋಕಲ್ಲು ತಿರುಗಾಕಿಲ್ಲ" ಎಂದಳು.

ನಕ್ಕು, ಮೊದಲಿನಷ್ಟೇ ತೆಳ್ಳಗೆ ಕಟ್ಟಿಸಿದೆ.

ಈ ಹಳೆಯ ಬೀದಿಯಲ್ಲಿ ತೇವವೂ ಆರದು, ಗುಟ್ಟೂ ನಿಲ್ಲದು. ಆದರೂ ನನಗೆ ಹಿತವಾಗಿದೆ. ಈ ಗೋಡೆಗೆ ಅಂಜಿಯೇ ನೀವು ಬಂದಾಗಲೆಲ್ಲ ಪಿಸುದನಿಯಲ್ಲಿ ಪದ್ಯ ಓದುತ್ತಿದ್ದಿರಿ. ಮದುವೆಯಾಗಿ ಬೆಂಗಳೂರಿನ ಹೊಸ ಬಡಾವಣೆಗೆ ಹೋಗೋಣವೆಂದು ಕೇಳಿದ್ದೂ ಪಿಸುದನಿಯಲ್ಲೇ. ಈ ಬೀದಿ ಬಿಟ್ಟು ಬರಲಾರೆನೆಂದೆ.

ನಿಮ್ಮ ತುಂಬು ದನಿ ಹೇಗಿತ್ತೋ, ನಾನು ಕೇಳಲೇ ಇಲ್ಲ.